ಕೊಟ್ರೇಶ ಕಾಕಾನ ಗಾಡಿ ಬಿಚ್ಚಿದ ಭಾನುವಾರಗಳು

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಎರಡು ಕಂಬಗಳ ನಡುವೆ, ಒಂದು ಮೋಟರ್ ಸೈಕಲ್ ಆರು ವರ್ಷ ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ತಂದು ನಿಲ್ಲಿಸಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಬಂದವರು ಅದರ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅದೇನೆಂದು ಒಬ್ಬರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಕಂಬಕ್ಕೊರಗಿ ಓದಲು ಕೂತಾಗ ಗೋಣಿ ಹರಿದ ಕಡೆ ಹೆಡ್‌ಲೈಟಿನ ಅರ್ಧ ಗಾಜು ಕಾಣುತ್ತಿತ್ತು. ಅದು ನನ್ನ ಕಾಕಾ ಕೊಟ್ರೇಶನ ಗಾಡಿ. ಅವನು ಸತ್ತದ್ದು ಅದರ ಮೇಲೆ.

ಕಾಕಾ ಅಪ್ಪನ ಒಬ್ಬನೇ ತಮ್ಮ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಸುತ್ತಲ ಹಳ್ಳಿಗಳಲ್ಲಿ ಎಮ್ಮೆ ಕರು ಹಾಕಲಾರದೆ ಒದ್ದಾಡಿದರೆ, ಎತ್ತು ಕಾಲು ಮುರಿದುಕೊಂಡರೆ, ಜನ ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ಅದಕ್ಕಾಗಿಯೇ ಗಾಡಿ ಕೊಂಡಿದ್ದ. ಮೈಸೂರಿನಲ್ಲಿ ತಯಾರಾದದ್ದೆಂದು ಊರಲ್ಲಿ ಅದನ್ನು ಮೈಸೂರು ಗಾಡಿ ಅನ್ನುತ್ತಿದ್ದರು. ಕಾಕಾನ ಕೈಗೆ ಬರುವಷ್ಟರಲ್ಲೇ ಅದಕ್ಕೆ ವಯಸ್ಸಾಗಿತ್ತು. ಎರಡು ಬದಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿದರೆ ಅದು ಗೇರು. ಹಿಂದೆ ನೀಲಿ ಹೊಗೆ, ಆ ಹೊಗೆಯ ವಾಸನೆಗೆ ಓಣಿಯ ಮಕ್ಕಳೆಲ್ಲ ಬೆನ್ನು ಹತ್ತುತ್ತಿದ್ದೆವು. ಆ ಗಾಡಿಗೆ ಬರೀ ಪೆಟ್ರೋಲ್ ಹಾಕುವಂತಿರಲಿಲ್ಲ. ಪೆಟ್ರೋಲಿನಲ್ಲೇ ಅಳತೆಗೆ ಸರಿಯಾಗಿ ಆಯಿಲ್ ಬೆರೆಸಿ ಹಾಕಬೇಕಿತ್ತು. ಆ ಕೆಲಸವನ್ನು ಕಾಕಾ ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಅವನು ತೀರಿಕೊಂಡಾಗ ನಾನು ಒಂದನೇ ಕ್ಲಾಸಿನಲ್ಲಿದ್ದೆ. ಬೆಳಗಿನ ಹೊತ್ತು ಹಗರಿಬೊಮ್ಮನಹಳ್ಳಿ ರಸ್ತೆಯ ಒಂದು ತಿರುವಿನಲ್ಲಿ ಗಾಡಿ ಅವನನ್ನು ಎತ್ತಿ ಒಗೆಯಿತು. ಹೊರಡುವ ಮುಂಚೆ ಅವನಿಗೂ ಅವನ ಹೆಂಡತಿ ನೀಲಮ್ಮನಿಗೂ ಮಾತಿಗೆ ಮಾತು ಬೆಳೆದಿತ್ತು. ನೀಲಮ್ಮ ನನ್ನ ಚಿಗವ್ವ, ತೆಲಿಗಿ ಊರಿನವಳು. ತವರಿಗೆ ನಾಲ್ಕು ದಿನ ಹೋಗಿ ಬರುತ್ತೇನೆ ಎಂದಿದ್ದಳು, ಅವನು ಈಗ ಬೇಡ ಎಂದಿದ್ದ, ಅಷ್ಟೇ ಜಗಳ. ಬಡಿಸಿದ ರೊಟ್ಟಿ ಮುಟ್ಟದೆ ಅವನು ಎದ್ದು ಹೋಗಿದ್ದ. ಆ ಒಂದು ರೊಟ್ಟಿ ಚಿಗವ್ವನ ಕೊರಳಿಗೆ ಬಿತ್ತು. ಕಾಕಾನನ್ನು ಮಣ್ಣು ಮಾಡಿ ಬಂದ ದಿನದಿಂದ ನಮ್ಮ ಅಜ್ಜಿ, ಅಂದರೆ ಅಪ್ಪನ ಅವ್ವ, ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿದಳು. ನೆಂಟರ ಮುಂದೆ ಅತ್ತು ಹೇಳಿದಳು, ಬೀಸುವ ಕಲ್ಲಿನ ಮುಂದೆ ಗೊಣಗಿ ಹೇಳಿದಳು, ಸಾರಿಗೆ ಉಪ್ಪು ಹೆಚ್ಚಾದರೂ ಹೇಳಿದಳು.

"ಉಣ್ಣದ ಹೋದ ನನ್ನ ಕೊಟ್ರ. ಇಕಿ ತಲಿ ಕೆಡಿಸಿ ಕಳಿಸಿದ್ಲು. ಸಿಟ್ಟಿನಾಗ ಜೋರು ಹೊಡದು ಬಿದ್ದು ಸತ್ತ."

ಚಿಗವ್ವ ಇದಕ್ಕೆ ಎದುರಾಡಿದ್ದನ್ನು ನಾನು ನೋಡಲಿಲ್ಲ. ಆಕೆಯೂ ಅದನ್ನು ನಂಬಿದ್ದಳು ಅಂತ ಈಗ ಅನ್ನಿಸುತ್ತದೆ. ಎಲ್ಲರಿಗಿಂತ ಮೊದಲು ಎದ್ದು ನೀರೊಲೆಗೆ ಬೆಂಕಿ ಹಾಕುವವಳು ಆಕೆ, ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುವವಳು ಆಕೆ. ಸೋಮವಾರ ಪೂಜೆಯ ಹೂವು ಕಟ್ಟಲು ನನ್ನ ಅವ್ವನನ್ನು ಕರೆಯುತ್ತಿದ್ದರು, ಚಿಗವ್ವನನ್ನು ಕರೆಯುತ್ತಿರಲಿಲ್ಲ. ಹಣೆಯ ವಿಭೂತಿಯ ಕೆಳಗೆ ಆಕೆಯ ಮುಖ ಇಪ್ಪತ್ತೆಂಟಕ್ಕೇ ನಲವತ್ತರ ಹಾಗಿತ್ತು. ಮಧ್ಯಾಹ್ನ ಹೊಲಿಗೆ ಮಷೀನಿನ ಮುಂದೆ ಕೂತು ಓಣಿಯವರ ಕುಪ್ಪಸ ಹೊಲಿಯುವಾಗ ಮಾತ್ರ ಆಕೆಯ ಬೆನ್ನು ನೆಟ್ಟಗಿರುತ್ತಿತ್ತು. ಆಕೆಯ ಪರವಾಗಿ ಮನೆಯಲ್ಲಿ ದನಿ ಎತ್ತುತ್ತಿದ್ದವರು ಅಪ್ಪ ಒಬ್ಬರೇ, ಅದೂ ಮೆಲ್ಲಗೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಾಕಾ ಸತ್ತ ವರ್ಷವೇ ಅನುಕಂಪದ ನೌಕರಿಗೆ ಚಿಗವ್ವನ ಅರ್ಜಿ ತಾವೇ ಬರೆದು, ತಾವೇ ಕಚೇರಿಗಳಿಗೆ ಅಲೆದರು. ಅಣ್ಣ ಅಂದರೆ ಇಂಥವನಿರಬೇಕು ಎಂದು ಜನ ಹೊಗಳಿದರೆ ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅದನ್ನು ನಾವು ವಿನಯ ಅಂದುಕೊಂಡಿದ್ದೆವು. ಅವರು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಶಾಲೆಗೆ ನಡೆದೇ ಹೋಗುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಯುಗಾದಿಗೆ ಸುಣ್ಣ ಬಳಿಯುವ ಮುಂಚೆ, ಅಪ್ಪ ಗುಜರಿಯವರನ್ನು ಕರೆಸಿದರು. ಇಬ್ಬರು ಗಂಡಸರು ತಳ್ಳುಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ ಗೋಣಿತಾಟು ಎಳೆದರು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಚಿಗವ್ವ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹ್ಯಾಂಡಲ್ ಹಿಡಿದು ನಿಂತಳು.

"ಭಾವಾರ, ಮುಟ್ಟಬ್ಯಾಡ ಅನ್ರಿ ಅವರಿಗೆ."

"ತುಕ್ಕು ಹಿಡದು ಹಾಳಾಗೈತಿ ನೀಲಮ್ಮ. ಇಟ್ಕೊಂಡು ಏನು ಮಾಡೋದೈತಿ?"

"ರಿಪೇರಿ ಮಾಡಸ್ತೀನಿ. ಹೊಲಿಗಿ ರೊಕ್ಕ ಐತಿ ನನ್ನ ಹತ್ರ. ಅವರು ದಿನಾ ಒರಸಿ ಇಡ್ತಿದ್ರು ಇದನ್ನ. ಹಿಂಗ ತುಕ್ಕಿನಾಗ ಬಿಡೋದು ಬ್ಯಾಡ."

ಒಳಗಿನಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಅಷ್ಟು ಬೇಗ ಆಕೆ ನಡೆದದ್ದನ್ನು ನಾನು ನೋಡಿರಲಿಲ್ಲ.

"ಗುಜರಿಗರ ಹಾಕ್ರಿ, ಹಳ್ಳಕ್ಕರ ಒಗೀರಿ. ಅದನ್ನ ಬಿಚ್ಚೋದು ಮಾತ್ರ ಬ್ಯಾಡ. ನನ್ನ ಮನ್ಯಾಗ ಬ್ಯಾಡ!"

ಚಿಗವ್ವ ಹ್ಯಾಂಡಲ್ ಬಿಡಲಿಲ್ಲ. ಗುಜರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. ಕೊನೆಗೆ "ಹೋಗಿ ಬರ್ರಿ" ಎಂದು ಅವರನ್ನು ಕಳಿಸಿದರು. ಆ ಮನೆಯಲ್ಲಿ ಚಿಗವ್ವನ ಮಾತು ನಡೆದದ್ದು ಅದೇ ಮೊದಲು.

ಮೆಕ್ಯಾನಿಕ್ ಮಾಬುಸಾಬ ಭಾನುವಾರ ಭಾನುವಾರ ಮನೆಗೇ ಬಂದು ಕೆಲಸ ಮಾಡಲು ಒಪ್ಪಿದ. ಗಾಡಿಯನ್ನು ಅಂಗಡಿಗೆ ಕಳಿಸಲು ಚಿಗವ್ವ ತಯಾರಿರಲಿಲ್ಲ, ಅಂಗಡಿಯಲ್ಲಿ ಹೋಗಿ ಕೂರುವುದು ಆಕೆಗೆ ಸಾಧ್ಯವಿರಲಿಲ್ಲ, ಮತ್ತು ಏನು ಬಿಚ್ಚಿದರೂ ತನ್ನ ಕಣ್ಣ ಮುಂದೆ ಬಿಚ್ಚಬೇಕು ಎಂಬುದು ಆಕೆಯ ಹಟ. ಮಾಬುಸಾಬ ಬಿಳಿ ಗಡ್ಡದ ಮುದುಕ. ಕಾಕಾ ಸತ್ತಾಗ ಅವನು ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದನಂತೆ. ಮೊದಲ ದಿನ ಅವನು ಪಾನಾ, ಸುತ್ತಿಗೆಗಳ ಚೀಲವನ್ನು ಕೆಳಗಿಟ್ಟು, ಗಾಡಿಯ ಸೀಟಿನ ಮೇಲೆ ಕೈಯಿಟ್ಟ.

"ಕೊಟ್ರೇಶಪ್ಪಾರ ಕೈಯಾಗ ಇದು ಗಡಿಯಾರ ಇದ್ದಂಗ ಇತ್ರಿ ಅಕ್ಕಾರ. ನೋಡೂಣು, ಅಲ್ಲಾ ಏನು ಮಾಡ್ತಾನ."

ಸೀಟು ಬಿಚ್ಚಿದರೆ ಒಳಗೆ ಇಲಿ ಗೂಡು ಕಟ್ಟಿತ್ತು. ವೈರುಗಳನ್ನೆಲ್ಲ ತಿಂದು ಹಾಕಿತ್ತು. ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಅದಕ್ಕೆ ಸೀಮೆಎಣ್ಣೆ ಸುರಿದು, ಸಣ್ಣ ಜಲ್ಲಿಕಲ್ಲು ಹಾಕಿ, ಬಾಯಿಗೆ ಬಟ್ಟೆ ತುರುಕಿ, ನಾನು ಒಂದು ಕಡೆ ಚಿಗವ್ವ ಒಂದು ಕಡೆ ಹಿಡಿದು ತೊಟ್ಟಿಲು ತೂಗಿದಂತೆ ತೂಗಿದೆವು. ಕೆಂಪು ಎಣ್ಣೆ ಹೋಗಿ ತಿಳಿ ಎಣ್ಣೆ ಬರಲು ಮೂರು ದಿನ ಬೇಕಾಯಿತು. ಮಕ್ಕಳಿಲ್ಲದ ಆಕೆ ಹಾಗೆ ತೂಗುವಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಕಣ್ಣು ಒರೆಸಿಕೊಂಡದ್ದು ನೆನಪಿದೆ. ಕರಿಗಟ್ಟಿದ ಸೈಲೆನ್ಸರುಗಳನ್ನು ನೀರೊಲೆಯ ಕೆಂಡದಲ್ಲಿ ಹೂತಿಟ್ಟು ಸುಟ್ಟೆವು. ಆ ದಿನ ಮನೆಯವರೆಲ್ಲ ಮಿಂದ ನೀರಿಗೆ ಸುಟ್ಟ ಎಣ್ಣೆಯ ವಾಸನೆ ಹಿಡಿದಿತ್ತು. ನಾನು ಮರಳು ಕಾಗದದಿಂದ ರಿಮ್ಮು ತಿಕ್ಕಿ ಬೆರಳು ಒಡೆಸಿಕೊಂಡೆ. ಸಂಜೆ ಮಾಬುಸಾಬನಿಗೆ ಮಂಡಕ್ಕಿ ಮಿರ್ಚಿ ಕೊಟ್ಟಾಗ ಚಿಗವ್ವ ನಮ್ಮ ಜೊತೆಗೇ ಕೂತು ತಿನ್ನುತ್ತಿದ್ದಳು, ಗೋಡೆಗೆ ಮುಖ ಮಾಡದೆ. ಅಜ್ಜಿ ಮಾತ್ರ ಭಾನುವಾರ ಬಂತೆಂದರೆ ಒಳಗಿನ ಕತ್ತಲೆಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ಊರಲ್ಲೇ ಇರುತ್ತಿರಲಿಲ್ಲ. ಭಾನುವಾರ ಅವರಿಗೆ ಎಲ್ಲೆಲ್ಲಿಂದಲೋ ಕೆಲಸ ಬಂದುಬಿಡುತ್ತಿತ್ತು.

ಇಂಜಿನ್ ಮಾತ್ರ ಅಲುಗಲಿಲ್ಲ. ಕಿಕ್ ಕಡ್ಡಿ ಕಲ್ಲಿನಂತೆ ನಿಂತಿತ್ತು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎಣ್ಣೆ ಬಿಟ್ಟು, ಮಾಬುಸಾಬ ಒಂದು ವಾರ ನೆನೆಯಲು ಬಿಟ್ಟ. ಮುಂದಿನ ಭಾನುವಾರ ಮೇಲಿನ ಮುಚ್ಚಳ ತೆಗೆದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಸಿಲಿಂಡರನ್ನು ಎತ್ತಿದ. ಪಿಸ್ಟನ್ ಹೊರಗೆ ಬಂತು. ಅದನ್ನು ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ ಹಾಗೆ ಮೇಲಿಂದ ಕೆಳಗೆ ಗೀರುಗಳಿದ್ದವು. ಒಂದು ಕಡೆ ಲೋಹ ಕರಗಿ ಮೆತ್ತಿಕೊಂಡಿತ್ತು.

"ಇದು ತುಕ್ಕಿಗೆ ಹಿಡದಿದ್ದಲ್ರಿ ಅಕ್ಕಾರ. ಓಡ್ತಾ ಇರಬೇಕಾದ್ರ ಹಿಡಕೊಂಡೈತಿ."

"ಅಂದ್ರ?"

"ಆಯಿಲ್ ಇಲ್ಲದ ಓಡೈತಿ. ಬರೀ ಪೆಟ್ರೋಲ್. ಪಿಸ್ಟನ್ ಕಾದು ಕಚ್ಚಿಕೊಂಡ ಕೂಡ್ಲೆ ಹಿಂದಿನ ಗಾಲಿ ಅಲ್ಲೇ ನಿಂತು ಬಿಡತೈತಿ. ಎಂಥಾ ಓಡಿಸವನಾದ್ರೂ ಬೀಳವನ. ಜೋರು ಹೊಡದಿದ್ದಕ್ಕ ಬಿದ್ದಿಲ್ರಿ ಅವರು."

ಚಿಗವ್ವ ಪಿಸ್ಟನ್ ಕೈಗೆ ತೆಗೆದುಕೊಂಡಳು. ಆ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಅವರು ಆಯಿಲ್ ಮರಿಯೋ ಮನಷ್ಯಾ ಅಲ್ಲ," ಎಂದಳು. ಆಮೇಲೆ ನಿಧಾನವಾಗಿ, "ಆವತ್ತ ಪೆಟ್ರೋಲ್ ಹಾಕಿದ್ದು ಅವರಲ್ಲ" ಎಂದಳು.

ನನ್ನ ಕೈಯಲ್ಲಿದ್ದ ಮರಳು ಕಾಗದ ಅಲ್ಲೇ ನಿಂತಿತು. ಯಾಕೆಂದರೆ ನನಗೆ ಗೊತ್ತಿತ್ತು. ಆರು ವರ್ಷ ಅದು ನನ್ನೊಳಗೆ ಅರ್ಥವಿಲ್ಲದ ಒಂದು ಚಿತ್ರವಾಗಿ ಬಿದ್ದಿತ್ತು, ಈಗ ಅದಕ್ಕೆ ಅರ್ಥ ಬಂತು. ಕಾಕಾ ಸಾಯುವ ಹಿಂದಿನ ದಿನ ಅಪ್ಪ ಪರೀಕ್ಷೆಯ ಕೆಲಸಕ್ಕೆಂದು ಆ ಗಾಡಿ ತೆಗೆದುಕೊಂಡು ಹರಪನಹಳ್ಳಿಗೆ ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಟ್ಯಾಂಕು ಬರಿದಾಗಿತ್ತು. ತಮ್ಮನ ಗಾಡಿಯನ್ನು ಖಾಲಿ ಮಾಡಿ ನಿಲ್ಲಿಸುವುದು ಸರಿಯಲ್ಲವೆಂದು ಮನೆಯಲ್ಲಿದ್ದ ಕ್ಯಾನಿನಿಂದ ಪೆಟ್ರೋಲ್ ಹಾಕಿದರು. ಟ್ಯಾಂಕಿನ ಬಾಯಿಗೆ ಲಾಳಿಕೆ ಹಿಡಿದುಕೊಂಡು ನಿಂತವಳು ನಾನು. ಎರಡೂ ಕೈಯಿಂದ ಹಿಡಿದಿದ್ದೆ, ತುಳುಕಿಸದಿದ್ದಕ್ಕೆ ಅಪ್ಪ ಶಹಬ್ಬಾಸ್ ಅಂದಿದ್ದರು. ಆಯಿಲ್ ಬಾಟಲಿ ಕಿಟಕಿಯ ಮೇಲೆ ಇದ್ದಲ್ಲೇ ಇತ್ತು. ಮರುದಿನ ಬೆಳಿಗ್ಗೆ ಕಾಕಾ ಸಿಟ್ಟಿನಲ್ಲಿ ಹೊರಬಂದಾಗ ಅಪ್ಪ "ಟ್ಯಾಂಕು ತುಂಬಸೀನಿ ನೋಡು" ಎಂದಿದ್ದರು. ಅಣ್ಣ ಹಾಕಿದ್ದಾನೆ ಅಂದಮೇಲೆ ಕಾಕಾ ಮತ್ತೆ ನೋಡಲಿಲ್ಲ.

ಅವತ್ತು ಸಂಜೆ ಅಪ್ಪ ಊಟಕ್ಕೆ ಕೂತಾಗ ಚಿಗವ್ವ ರೊಟ್ಟಿ ಬಡಿಸುತ್ತಲೇ ಕೇಳಿದಳು.

"ಭಾವಾರ, ಅವರು ಹೋದ ದಿನ ಗಾಡಿಗೆ ಪೆಟ್ರೋಲ್ ಯಾರು ಹಾಕಿದ್ರು?"

ಅಪ್ಪ ತುತ್ತು ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಅವನ ಹಾಕ್ಕೊಂಡಿರತಾನ. ಅವನ ಗಾಡಿ, ಅವನಿಗೆ ಗೊತ್ತಿಲ್ಲೇನು?"

ನಾನು ಎದುರಿಗೇ ಇದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದು ನೋಡಲಿಲ್ಲ. ತರಗತಿಯಲ್ಲಿ ಉತ್ತರ ತಪ್ಪಿದರೂ ಪರವಾಗಿಲ್ಲ, ಲೆಕ್ಕ ಮಾಡಿದ ದಾರಿ ಮುಚ್ಚಿಡಬೇಡಿ ಎಂದು ಹೇಳುತ್ತಿದ್ದ ಮನುಷ್ಯ. ನನಗೆ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಇದ್ದದ್ದು ಅವರ ಮೇಲೆ. ನಾನು ನೀರು ಕುಡಿದು ಎದ್ದೆ. ಚಿಗವ್ವ ನನ್ನ ಮುಖ ನೋಡಿದಳು, ನನಗೆ ಅದು ಗೊತ್ತಾಯಿತು. ಆದರೆ ಆಕೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಹಗುರಾಗುತ್ತಿದ್ದೆ. ಮಗುವಿನ ಬಾಯಿಂದ ಅಪ್ಪನ ಮೇಲೆ ಸಾಕ್ಷಿ ಹೇಳಿಸುವುದು ಆಕೆಗೆ ಬೇಡವಾಗಿತ್ತು. ಮುಂದಿನ ಮೂರು ವಾರ ನಾನು ಅನುಭವಿಸಿದ್ದನ್ನು ಸಂಕಟ ಅನ್ನಲೋ ಭಯ ಅನ್ನಲೋ ತಿಳಿಯದು. ಶಾಲೆಯಲ್ಲಿ ಹೊಟ್ಟೆನೋವು ಎಂದು ಹೇಳಿ ಬೆಂಚಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದೆ. ಮನೆಗೆ ಬಂದರೆ ಅಪ್ಪನ ಚಪ್ಪಲಿ ಬಾಗಿಲಲ್ಲಿವೆಯೇ ಎಂದು ಮೊದಲು ನೋಡುತ್ತಿದ್ದೆ, ಇಲ್ಲದಿದ್ದರೆ ಸಮಾಧಾನವಾಗುತ್ತಿತ್ತು. ಅಂಥ ಸಮಾಧಾನವೇ ನನಗೆ ನಾಚಿಕೆ ತರುತ್ತಿತ್ತು. ಒಳಗಿನ ಗೀರುಗಳು ಹೋಗುವಂತೆ ಬೋರ್ ಮಾಡಿಸಲು ಮಾಬುಸಾಬ ಸಿಲಿಂಡರನ್ನು ದಾವಣಗೆರೆಗೆ ಕಳಿಸಿದ್ದ. ಗಾಡಿ ಪಡಸಾಲೆಯಲ್ಲಿ ಎದೆ ತೆರೆದುಕೊಂಡು ನಿಂತಿತ್ತು.

ಒಂದು ಸೋಮವಾರ ಪೂಜೆ ಮುಗಿದು ಅಜ್ಜಿ ಮತ್ತು ಅಪ್ಪ ಊಟಕ್ಕೆ ಕೂತಿದ್ದರು. ಚಿಗವ್ವ ಬಡಿಸುವಾಗ ಸೌಟು ಜಾರಿ ಸ್ವಲ್ಪ ಸಾರು ಅಜ್ಜಿಯ ಸೀರೆಯ ಮೇಲೆ ಬಿತ್ತು. ಅಜ್ಜಿ ತಟ್ಟೆ ಸರಿಸಿದಳು.

"ಈ ಕೈಯೇ ಇಂಥಾದ್ದು. ಈ ಕೈಯಿಂದ ಬಡಿಸಿಕೊಂಡ ನನ್ನ ಮಗ ಉಣ್ಣದ ಹೋಗಿ ಸತ್ತ."

ಅದನ್ನು ನಾನು ಸಾವಿರ ಸಲ ಕೇಳಿದ್ದೆ. ಅವತ್ತು ಮಾತ್ರ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ಚಿಗವ್ವನಿಂದ ಅಲ್ಲ ಅಜ್ಜಿ. ಪೆಟ್ರೋಲ್ ಹಾಕಿದ್ದು ಅಪ್ಪ. ಲಾಳಿಕಿ ಹಿಡಕೊಂಡಿದ್ದು ನಾನು. ಆಯಿಲ್ ಹಾಕಲಿಲ್ಲ."

ಅವ್ವ ಎಲ್ಲಿದ್ದಳೋ, ಬಂದು ನನ್ನ ಕೆನ್ನೆಗೆ ಹೊಡೆದಳು. ಅಪ್ಪ ಎಂಜಲು ಕೈಯಲ್ಲೇ ಕೂತಿದ್ದರು. ಇಲ್ಲ ಅನ್ನಲಿಲ್ಲ. ಅದೇ ಉತ್ತರವಾಯಿತು. ಎಲ್ಲರೂ ಅಜ್ಜಿ ಬೋರಾಡಿ ಅಳುತ್ತಾಳೆ ಅಂದುಕೊಂಡರೆ ಅಜ್ಜಿ ಅಳಲಿಲ್ಲ. ಒದ್ದೆಯಾದ ಸೆರಗನ್ನು ಹಿಂಡುತ್ತ, ನೆಲ ನೋಡುತ್ತ ಹೇಳಿದಳು.

"ನನಗ ಗೊತ್ತಿಲ್ಲೇನು? ಗಾಡಿ ಟ್ರ್ಯಾಕ್ಟರಿನಾಗ ಹಾಕ್ಕೊಂಡು ಬಂದಿದ್ನಲ್ಲ, ಆ ಡ್ರೈವರ್ ಅವತ್ತ ಹೇಳಿದ. ಆಯಿಲ್ ಹಾಕಿಲ್ಲಬೇ ಅಮ್ಮ, ಇಂಜಿನ್ ಹಿಡಕೊಂಡೈತಿ ಅಂತ. ಹಿಂದಿನ ದಿನ ಗಾಡಿ ಯಾರ ಕೈಯಾಗ ಇತ್ತು ಅನ್ನೋದು ನನಗ ಗೊತ್ತಿದ್ದಿಲ್ಲೇನು? ಒಬ್ಬ ಹೋಗಿದ್ದ. ಇದ್ದೊಬ್ಬನ ಮ್ಯಾಲೆ ಹೊರಿಸಿದ್ರ ಇವನೂ ಹಗ್ಗ ಹುಡುಕತಿದ್ದ. ಇಕಿ ಹೊರಗಿಂದ ಬಂದಾಕಿ, ತಡಕೊಂತಾಳ ಅಂದ್ಕೊಂಡೆ."

ಚಿಗವ್ವ ಸೌಟನ್ನು ಪಾತ್ರೆಯಲ್ಲಿಟ್ಟಳು.

"ತಡಕೊಂಡೆ ಅತ್ತೀ," ಎಂದಳು. "ಆರು ವರ್ಷ ನಾನ ಕೊಂದೆ ಅಂತ ತಡಕೊಂಡೆ."

ಅಷ್ಟೇ. ಆಕೆ ಹಿತ್ತಲಿಗೆ ಹೋದಳು. ಅಪ್ಪ ಕೈ ತೊಳೆದು ಹೊರಗೆ ಹೋದವರು ಸಂಜೆಯವರೆಗೆ ಬರಲಿಲ್ಲ. ಅವತ್ತಿನಿಂದ ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಏನಾದರೂ ಬೇಕಿದ್ದರೆ ಅವ್ವನ ಮೂಲಕ ಹೇಳಿಸುತ್ತಿದ್ದರು. ನಾನು ಲೆಕ್ಕದ ಪುಸ್ತಕ ಹಿಡಿದು ಎದುರಿಗೆ ನಿಂತರೆ ಪುಸ್ತಕ ತೆಗೆದುಕೊಂಡು ಲೆಕ್ಕ ಬಿಡಿಸಿ, ಮಾತಿಲ್ಲದೆ ವಾಪಸು ಕೊಡುತ್ತಿದ್ದರು. ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ನಮ್ಮ ಶಾಲೆಯ ಪಾಠದಲ್ಲಿತ್ತು. ಯಾರಿಗೆ, ಎಷ್ಟು ದಿನದ ಮೇಲೆ ಎಂದು ಪಾಠದಲ್ಲಿರಲಿಲ್ಲ. ನಾನು ಹೇಳಿದ್ದು ಚಿಗವ್ವನಿಗಾಗಿಯೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲೋ ಎಂದು ಈಗಲೂ ನನಗೆ ನಿಶ್ಚಯವಿಲ್ಲ. ಇವತ್ತಿಗೂ ಊಟದ ಹೊತ್ತಿನಲ್ಲಿ ಎದುರಿಗಿದ್ದವರು ಮಾತು ನಿಲ್ಲಿಸಿದರೆ ನಾನೇ ಏನಾದರೂ ಮಾತು ತೆಗೆಯುತ್ತೇನೆ.

ಹೊಸ ಪಿಸ್ಟನ್ ಬಂತು, ವೈರು ಎಳೆದದ್ದಾಯಿತು, ಟ್ಯಾಂಕಿಗೆ ಮೊದಲಿನದೇ ಮೆರೂನ್ ಬಣ್ಣ ಹೊಡೆದದ್ದಾಯಿತು. ಮಳೆಗಾಲದ ಮೊದಲ ಭಾನುವಾರ ಮಾಬುಸಾಬ ಹತ್ತನೇ ಕಿಕ್ಕಿಗೋ ಹನ್ನೊಂದನೆಯದಕ್ಕೋ ಗಾಡಿ ಎಬ್ಬಿಸಿದ. ಪಡಸಾಲೆಯ ತೊಲೆಗಳಿಂದ ಧೂಳು ಉದುರಿತು. ನೀಲಿ ಹೊಗೆ ದೇವರ ಕೋಣೆಯವರೆಗೂ ಹೋಯಿತು. ಕತ್ತಲೆಕೋಣೆಯಲ್ಲಿ ಅಜ್ಜಿ ಕೆಮ್ಮುವುದು ಕೇಳಿಸಿತು. ಅವ್ವ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಚಿಗವ್ವ ಮಾತ್ರ ಅಲ್ಲೇ ನಿಂತು, ಶಬ್ದ ಒಂದೇ ಸಮ ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿದಳು. ಆ ತಿಂಗಳ ಕೊನೆಗೆ ನೌಕರಿಯ ಆದೇಶವೂ ಬಂತು. ಹಂಪಸಾಗರದ ದನದ ಆಸ್ಪತ್ರೆಯಲ್ಲಿ ಕೆಲಸ, ಸೋಮವಾರ ಹಾಜರಾಗಬೇಕು. ಆಕೆ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯುವುದೆಂದು ಯಾರನ್ನೂ ಕೇಳದೆ ತೀರ್ಮಾನಿಸಿದಳು. ಹೊಲಿಗೆ ಮಷೀನು, ಟ್ರಂಕು ಹಿಂದಿನ ದಿನವೇ ಲಾರಿಯಲ್ಲಿ ಹೋದವು. ಬೆಳಿಗ್ಗೆ ಬಸ್ಸಿಗೆ ಹೊರಡುತ್ತಾಳೆ ಅಂದುಕೊಂಡಿದ್ದೆವು. ಆಕೆ ತಯಾರಾಗಿ ಬಂದು ಅಪ್ಪನ ಎದುರು ನಿಂತಳು.

"ಭಾವಾರ, ನನ್ನ ಗಾಡಿ ಮ್ಯಾಲೆ ಬಿಟ್ಟು ಬರ್ರಿ. ನೀವ ಓಡಿಸ್ರಿ."

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈಯಾಗ ಆಗಲ್ಲ ನೀಲಮ್ಮ. ಆರು ವರ್ಷ ಆತು."

"ಆಗತೈತಿ. ಮೆಲ್ಲಕ ಹೋಗೂಣು."

ಮಾಬುಸಾಬನನ್ನು ಕರೆಸಿದರು. ಎಷ್ಟು ಪೆಟ್ರೋಲಿಗೆ ಎಷ್ಟು ಆಯಿಲ್ ಎಂದು ಅಪ್ಪ ಅವನನ್ನು ವಿದ್ಯಾರ್ಥಿಯಂತೆ ಕೇಳಿದರು. ಅವನು ಹೇಳಿದ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದ. ಅಳೆದು, ಬೆರೆಸಿ, ಅಲ್ಲಾಡಿಸಿ, ತಾವೇ ಟ್ಯಾಂಕಿಗೆ ಹಾಕಿದರು. ಸ್ವಲ್ಪ ಚೆಲ್ಲಿತು. ತಮ್ಮನ ಹೆಂಡತಿ ಭಾವನ ಹಿಂದೆ ಕೂತು ಓಣಿಯ ನಡುವೆ ಹೋಗುವುದನ್ನು ಜನ ಬಾಗಿಲಿಗೆ ಬಂದು ನೋಡಿದರು. ಹೊರಡುವ ಮುಂಚೆ ಅಜ್ಜಿ ಹೊಸ್ತಿಲವರೆಗೆ ಬಂದಿದ್ದಳು. ಚಿಗವ್ವ ಆಕೆಯ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದ್ದಳು.

ಅಪ್ಪ ಸಂಜೆಯ ಬಸ್ಸಿಗೆ ಒಬ್ಬರೇ ಬಂದರು. ಗಾಡಿ ಚಿಗವ್ವನದು, ಅದನ್ನು ಅಲ್ಲೇ ಬಿಟ್ಟು ಬಂದಿದ್ದರು. ದಾರಿಯಲ್ಲಿ ಏನು ನಡೆಯಿತೆಂದು ಅವರು ಹೇಳಲಿಲ್ಲ. ನನ್ನೊಂದಿಗೆ ಮಾತಂತೂ ಅವತ್ತೂ ಆಡಲಿಲ್ಲ. ಅದಕ್ಕೆ ದೀಪಾವಳಿಯವರೆಗೆ ಕಾಯಬೇಕಾಯಿತು. ನಾನು ಕಾಲೇಜಿಗೆ ಸೇರುವ ಮುಂಚೆ ರಜೆಯಲ್ಲಿ ಹಂಪಸಾಗರಕ್ಕೆ ಹೋಗಿ ಚಿಗವ್ವನ ಹತ್ತಿರ ಹದಿನೈದು ದಿನ ಇದ್ದೆ. ಅಲ್ಲಿ ಆಕೆ ಬಾಗಿಲಿಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಒಂದು ದಿನ ಉಣ್ಣುತ್ತಾ ತಾನಾಗಿಯೇ ಹೇಳಿದಳು.

ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಕಾಕಾ ಬಿದ್ದ ಆ ತಿರುವಿಗೆ ಬಂದಾಗ ಅಪ್ಪ ಗಾಡಿ ನಿಲ್ಲಿಸಿದರಂತೆ. ಇಳಿದು ರಸ್ತೆಯ ಪಕ್ಕ ಮಣ್ಣಿನಲ್ಲಿ ಕೂತು, ತಲೆಯ ಮೇಲೆ ಕೈಹೊತ್ತು ಅತ್ತರಂತೆ. ಗಾಡಿ ಬೀಳದಂತೆ ಚಿಗವ್ವ ಹಿಡಿದುಕೊಂಡು ನಿಂತಿದ್ದಳಂತೆ.

"ನಾನ ಕೊಂದೆ ನೀಲಮ್ಮ. ನನ್ನ ಕ್ಷಮಾ ಮಾಡು ಅಂದ್ರು. ನಾನು ಅಂದೆ, ಅವತ್ತ ಹೇಳಿದ್ರ ಇಬ್ರೂ ಕೂಡಿ ಅಳತಿದ್ವಿ ಭಾವಾರ. ಮರತು ಆಗಿದ್ದು, ಬೇಕಂತ ಮಾಡಿದ್ದಲ್ಲ. ಪೆಟ್ರೋಲ್ ಹಾಕಿದ್ದಕ್ಕ ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಸುಮ್ಮನ ಕುಂತ್ರಲ್ಲ ಆರು ವರ್ಷ, ಅದನ್ನ ಕ್ಷಮಾ ಮಾಡಾಕ ನನ್ನ ಕೈಯಾಗ ಆಗಲ್ಲ. ಆಗತೈತಿ ಅಂತ ಸುಳ್ಳು ಹೇಳಲ್ಲ."

"ಅಪ್ಪ ಏನಂದ್ರು?"

"ಏನಂತಾರ. ಕಣ್ಣು ಒರಸಿಕೊಂಡ್ರು. ಏಳ್ರಿ ಅಂದೆ. ಮೊದಲನೇ ದಿನ ನೌಕರಿಗೆ ತಡ ಆಗಬಾರದು, ಗಾಡಿ ಹತ್ರಿ ಅಂದೆ."

ಅಪ್ಪ ಎದ್ದು ಮಣ್ಣು ಕೊಡವಿಕೊಂಡು ಗಾಡಿ ಎಬ್ಬಿಸಿದರಂತೆ. ಚಿಗವ್ವ ಹಿಂದೆ ಕೂತಳಂತೆ. ಆಸ್ಪತ್ರೆಯ ಬಾಗಿಲು ತೆರೆಯುವಷ್ಟರಲ್ಲಿ ಆಕೆ ಮೆಟ್ಟಿಲ ಮೇಲೆ ನಿಂತಿದ್ದಳಂತೆ. ಹಾಜರಿ ಪುಸ್ತಕದಲ್ಲಿ ಅವತ್ತಿನ ಮೊದಲ ಸಹಿ ಆಕೆಯದೇ.